ಸರ್ ಅಲೆಗ್ಸಾಂಡರ್ ಫ್ಲೆಮಿಂಗರ ಜೀವಿತವೂ ಅವರು ನೀಡಿದ ಎಚ್ಚರಿಕೆಯೂ



ನಮ್ಮ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಲೋಕಕ್ಕೆ ಉಪಕಾರ ಮಾಡಿದ ಮಹನೀಯರೊಬ್ಬರ ಜೀವಿತವನ್ನು ಬರೆಯುವ ಪದ್ಧತಿಯುಂಟು. ಈ ಸಾರಿ ಪೆನಿಸಿಲಿನ್ ಎಂಬ ಔಷಧವನ್ನು ಕಂಡುಹಿಡಿದ ಸರ್ ಅಲೆಗ್ಸಾಂಡರ್ ಫ್ಲೆಮಿಂಗರನ್ನು ನಾನು ಆರಿಸಿಕೊಂಡುದಕ್ಕೆ ಒಂದು ಚಿಕ್ಕ ಸಂಗತಿಯು ಕಾರಣವಾಯಿತು. ರಜೆ ಮುಗಿಸಿ ವಸತಿಗೃಹಕ್ಕೆ ಮರಳಿದ ಬಾಲಿಕೆಯೊಬ್ಬಳ ಪೆಟ್ಟಿಗೆಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿಗಳ ಗಂಟಿನೊಡನೆ ಕಾಗದದಲ್ಲಿ ಸುತ್ತಿದ ಆರು ಗುಳಿಗೆಗಳು ದೊರೆತವು. ಅವು ಪೆನಿಸಿಲಿನ್ ಕುಲಕ್ಕೆ ಸೇರಿದ ಅಮಾಕ್ಸಿಸಿಲಿನ್ ಗುಳಿಗೆಗಳು. ಹಿಂದಿನ ವರ್ಷ ಅವಳ ಅಣ್ಣನಿಗೆ ವೈದ್ಯರು ಬರೆದುಕೊಟ್ಟಿದ್ದುವುಗಳಲ್ಲಿ, ಜ್ವರ ಬಿಟ್ಟಿತೆಂದು ಅವನು ನುಂಗದೆ ಉಳಿಸಿದ್ದವು. ಗಂಟಲು ನೋವು ಬಂದರೆ ಎರಡು ನುಂಗಬೇಕೆಂದು ಅವ್ವ ಹೇಳಿ ಕಳುಹಿಸಿದ್ದಳು.

ಆ ತಾಯಿಯನ್ನು ಹಳಿಯಲು ನನಗೆ ಮನಸ್ಸು ಬರಲಿಲ್ಲ. ಅವಳ ಊರಿನಿಂದ ದವಾಖಾನೆ ದೂರ; ಅಲ್ಲಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋದಂತೆಯೇ. ಉಳಿದುದನ್ನು ಕೆಡಿಸಬಾರದೆಂಬುದು ನಮ್ಮ ಮನೆಗಳ ಒಳ್ಳೆಯ ಪಾಠ. ಆದರೆ ಇಂಥ ಒಂದು ಚಿಕ್ಕ ಪೊಟ್ಟಣದಿಂದ ಬರಬಹುದಾದ ಕೇಡನ್ನು ಆ ಔಷಧವನ್ನು ಕಂಡುಹಿಡಿದವರೇ ೧೯೪೫ನೆಯ ಇಸವಿಯಲ್ಲಿ ಮುಂಗಂಡು ಲೋಕಕ್ಕೆ ತಿಳಿಸಿದ್ದರೆಂಬುದು ಆಗ ನನ್ನ ನೆನಪಿಗೆ ಬಂದಿತು. ಆದುದರಿಂದ ಅವರ ಜೀವಿತವನ್ನು ಹೇಳಿ, ಬಳಿಕ ಆ ಗುಳಿಗೆಗಳ ಮಾತಿಗೆ ಬರುತ್ತೇನೆ.

ಅಲೆಗ್ಸಾಂಡರ್ ಫ್ಲೆಮಿಂಗರು ೧೮೮೧ನೆಯ ಇಸವಿ ಆಗಸ್ಟ್ ೬ರಂದು ಸ್ಕಾಟ್ಲೆಂಡು ದೇಶದ ಏರ್‌ಶೈರ್ ಸೀಮೆಯಲ್ಲಿ, ಡಾರ್ವೆಲ್ ಎಂಬ ಊರಿಗೆ ಸಮೀಪವಾದ ಲಾಕ್‌ಫೀಲ್ಡ್ ಎಂಬ ಹೊಲಮನೆಯಲ್ಲಿ ಜನಿಸಿದರು. ತಂದೆ ಹ್ಯೂ ಫ್ಲೆಮಿಂಗರು ಒಕ್ಕಲುತನದವರು. ಬಾಲಕನಿಗೆ ಏಳು ವರ್ಷವಾದಾಗ ತಂದೆಯು ತೀರಿಕೊಂಡರು. ತಾಯಿ ಗ್ರೇಸ್ ಮಾರ್ಟನರು ದೊಡ್ಡ ಕುಟುಂಬದ ಭಾರವನ್ನು ಹೊತ್ತರು. ಮೊದಲು ಬಯಲುನಾಡಿನ ಚಿಕ್ಕ ಶಾಲೆಯಲ್ಲಿಯೂ ಅನಂತರ ಡಾರ್ವೆಲ್ ಊರಿನ ಶಾಲೆಯಲ್ಲಿಯೂ ಬಾಲಕನ ವಿದ್ಯಾಭ್ಯಾಸವು ನಡೆಯಿತು. ಮಳೆ, ಹಿಮ, ಗಾಳಿಗಳಲ್ಲಿ ಕಾಲ್ನಡಿಗೆಯಿಂದ ಶಾಲೆಗೆ ಹೋಗಿಬರುತ್ತಾ, ಹೊಲದಲ್ಲಿ, ಹಳ್ಳದ ದಂಡೆಯಲ್ಲಿ ಕಂಡುದೆಲ್ಲವನ್ನೂ ನಿಂತು ನೋಡುವ ಅಭ್ಯಾಸವು ಅವರಿಗೆ ಉಂಟಾಯಿತು. ಮುಂದೆ ಅವರಿಗೆ ಕೀರ್ತಿಯನ್ನು ತಂದದ್ದು ಈ ನೋಡುವ ಅಭ್ಯಾಸವೇ.

ಹದಿಮೂರು, ಹದಿನಾಲ್ಕು ವರ್ಷದ ಪ್ರಾಯದಲ್ಲಿ ಅವರು ಲಂಡನ್ ಪಟ್ಟಣದಲ್ಲಿದ್ದ ಅಣ್ಣನ ಬಳಿಗೆ ಬಂದು ಅಲ್ಲಿ ಓದನ್ನು ಮುಂದುವರಿಸಿದರು. ಬಳಿಕ ನಾಲ್ಕು ವರ್ಷ ಹಡಗಿನ ಕಂಪೆನಿಯೊಂದರಲ್ಲಿ ಗುಮಾಸ್ತರಾಗಿದ್ದರು. ಇಪ್ಪತ್ತು ವರ್ಷವಾದಾಗ ಚಿಕ್ಕಪ್ಪನೊಬ್ಬನ ಆಸ್ತಿಯಲ್ಲಿ ಸ್ವಲ್ಪ ಹಣವು ಅವರ ಪಾಲಿಗೆ ಬಂದಿತು. ವೈದ್ಯನಾಗಿದ್ದ ಅಣ್ಣನ ಸಲಹೆಯಂತೆ ಅದನ್ನು ವೈದ್ಯವಿದ್ಯೆಗೆ ವಿನಿಯೋಗಿಸಿದರು. ಲಂಡನಿನ ವೈದ್ಯಶಾಲೆಗಳಲ್ಲಿ ಸೇಂಟ್ ಮೇರೀಸ್ ಎಂಬುದನ್ನು ಆರಿಸಿಕೊಂಡದ್ದು, ಹಿಂದೊಮ್ಮೆ ಆ ಶಾಲೆಯವರ ವಿರುದ್ಧ ನೀರಿನಾಟದ ಪಂದ್ಯವನ್ನು ಆಡಿದ್ದರೆಂಬ ಒಂದೇ ಕಾರಣದಿಂದ! ೧೯೦೬ರಲ್ಲಿ ಉತ್ತಮ ಶ್ರೇಣಿಯಲ್ಲಿ ತೇರ್ಗಡೆಯಾದ ಮೇಲೆ ಸರ್ ಆಲ್ಮ್‌ರಾತ್ ರೈಟ್ ಎಂಬ ಪ್ರಸಿದ್ಧ ವಿದ್ವಾಂಸರ ಪ್ರಯೋಗಶಾಲೆಯನ್ನು ಸೇರಿದರು. ಬಂದೂಕಿನ ಗುರಿಯಾಟದಲ್ಲಿ ನಿಪುಣರಾಗಿದ್ದ ಅವರನ್ನು ಆಸ್ಪತ್ರೆಯ ತಂಡದಲ್ಲಿ ಉಳಿಸಿಕೊಳ್ಳುವ ಆಸೆಯಿಂದ ಮಿತ್ರರು ಅವರನ್ನು ಅಲ್ಲಿಗೆ ಸೇರಿಸಿದರೆಂಬುದು ತಿಳಿದ ಸಂಗತಿ. ಯುದ್ಧದ ಅವಧಿಯನ್ನು ಬಿಟ್ಟರೆ ಅವರ ಸೇವೆಯೆಲ್ಲವೂ ಅದೇ ಆಸ್ಪತ್ರೆಯಲ್ಲಿ ಸಂದಿತು.

೧೯೧೪ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾಯಿತು. ಫ್ಲೆಮಿಂಗರು ಸೈನ್ಯದ ವೈದ್ಯರಾಗಿ ಫ್ರಾನ್ಸಿನ ಬೂಲೋನ್ ಪಟ್ಟಣದ ಆಸ್ಪತ್ರೆಯಲ್ಲಿದ್ದರು. ಗುಂಡಿನ ಗಾಯಕ್ಕಿಂತ ಆ ಗಾಯದೊಳಗೆ ಬೆಳೆದ ಕ್ರಿಮಿಗಳಿಂದಲೇ ಅನೇಕ ತರುಣರು ಸಾಯುವುದನ್ನು ಅಲ್ಲಿ ಕಣ್ಣಾರೆ ಕಂಡರು. ಆಗ ಗಾಯಗಳಿಗೆ ಹೊಯ್ಯುತ್ತಿದ್ದ ಉಗ್ರವಾದ ದ್ರಾವಣಗಳು ಆಳದಲ್ಲಿದ್ದ ಕ್ರಿಮಿಗಳನ್ನು ಮುಟ್ಟದೆ, ರೋಗದೊಡನೆ ಹೋರಾಡುವ ಬಿಳಿಯ ರಕ್ತಕಣಗಳನ್ನೇ ಕೊಲ್ಲುತ್ತವೆಂದು ಪ್ರಯೋಗದಿಂದ ತೋರಿಸಿದರು. ಕ್ರಿಮಿಯನ್ನು ಕೊಲ್ಲುವ, ಮನುಷ್ಯನಿಗೆ ಹಾನಿ ಮಾಡದ ವಸ್ತುವೊಂದು ಇರಬಾರದೇ ಎಂಬ ಪ್ರಶ್ನೆಯು ಅಂದಿನಿಂದ ಅವರ ಮನಸ್ಸನ್ನು ಬಿಡಲಿಲ್ಲ. ಯುದ್ಧದ ನಡುವೆ, ೧೯೧೫ರಲ್ಲಿ, ದಾದಿಯಾಗಿದ್ದ ಸಾರಾ ಮ್ಯಾಕೆಲ್‌ರಾಯ್ ಎಂಬಾಕೆಯನ್ನು ವಿವಾಹವಾದರು. ೧೯೨೨ರಲ್ಲಿ, ನಮ್ಮ ಕಣ್ಣೀರು, ಎಂಜಲುಗಳಲ್ಲಿಯೂ ಕೋಳಿಮೊಟ್ಟೆಯ ಬಿಳಿಯ ಭಾಗದಲ್ಲಿಯೂ ಕ್ರಿಮಿನಾಶಕವಾದ ಒಂದು ವಸ್ತುವಿದೆಯೆಂದು ಅವರು ಪ್ರಕಟಿಸಿದರು. ಅದಕ್ಕೆ ಲೈಸೋಜೈಮ್ ಎಂದು ಹೆಸರು. ಆದರೆ ಅದು ಘೋರವಾದ ರೋಗಗಳ ಕ್ರಿಮಿಗಳನ್ನು ಜಯಿಸಲಾರದೆ ಹೋಯಿತು.

೧೯೨೮ರ ಸೆಪ್ಟೆಂಬರ್ ೩ರಂದು ಫ್ಲೆಮಿಂಗರು ಬೇಸಿಗೆಯ ರಜೆಯನ್ನು ಮುಗಿಸಿ ಪ್ರಯೋಗಶಾಲೆಗೆ ಮರಳಿದರು. ಹುಣ್ಣು, ಕೀವುಗಳನ್ನುಂಟುಮಾಡುವ ಸ್ಟಾಫಿಲೋಕಾಕಸ್ ಎಂಬ ಕ್ರಿಮಿಗಳನ್ನು ಬೆಳೆಸಿದ್ದ ಗಾಜಿನ ತಟ್ಟೆಗಳು ಮೇಜಿನ ಮೇಲೆ ಬಿದ್ದಿದ್ದವು. ಒಂದು ತಟ್ಟೆಗೆ ಎಲ್ಲಿಂದಲೋ ಬಂದ ಬೂಷ್ಟು ಹತ್ತಿತ್ತು. ನಮ್ಮ ಮನೆಗಳಲ್ಲಿ ಮಳೆಗಾಲದಲ್ಲಿ ಹಳಸಿದ ರೊಟ್ಟಿಗೂ ಉಪ್ಪಿನಕಾಯಿಗೂ ಕಟ್ಟುವ ಬೂಷ್ಟಿನಂಥದೇ ಅದು. ಇನ್ನೊಬ್ಬರಾಗಿದ್ದರೆ ಕೆಟ್ಟಿತೆಂದು ತೊಳೆದುಬಿಡುತ್ತಿದ್ದರು. ಫ್ಲೆಮಿಂಗರು ನಿಂತು ನೋಡಿದರು. ಬೂಷ್ಟಿನ ಸುತ್ತಲೂ ಇದ್ದ ಕ್ರಿಮಿಗಳು ಕರಗಿಹೋಗಿ ಅಲ್ಲಿ ತಿಳಿಯಾದ ಬಯಲು ಉಂಟಾಗಿತ್ತು. ಆ ಬೂಷ್ಟನ್ನು ಪ್ರತ್ಯೇಕವಾಗಿ ಬೆಳೆಸಿ ಅದರ ರಸವನ್ನು ಪರೀಕ್ಷಿಸಿದರು. ನ್ಯುಮೋನಿಯಾ, ಗಂಟಲುಮಾರಿ ಮುಂತಾದ ರೋಗಗಳ ಕ್ರಿಮಿಗಳನ್ನು ಆ ರಸವು ತಡೆಯಿತು. ಬಿಳಿಯ ರಕ್ತಕಣಗಳಿಗೆ ಹಾನಿಮಾಡಲಿಲ್ಲ. ಬೂಷ್ಟಿನ ಕುಲಕ್ಕೆ ಪೆನಿಸಿಲಿಯಂ ಎಂದು ಹೆಸರಿದ್ದುದರಿಂದ ರಸಕ್ಕೆ ಪೆನಿಸಿಲಿನ್ ಎಂಬ ಹೆಸರನ್ನಿಟ್ಟು ೧೯೨೯ರಲ್ಲಿ ಲೇಖನವನ್ನು ಪ್ರಕಟಿಸಿದರು. ವಿಷಮಶೀತದಂಥ ಕೆಲವು ರೋಗಗಳ ಕ್ರಿಮಿಗಳ ಮೇಲೆ ಅದು ನಡೆಯುವುದಿಲ್ಲವೆಂಬುದನ್ನೂ ಅವರು ಆಗಲೇ ಕಂಡುಕೊಂಡಿದ್ದರು. ಒಂದೇ ಔಷಧವು ಎಲ್ಲ ರೋಗಕ್ಕೂ ಆಗದೆಂಬ ಪಾಠವು ಹೀಗೆ ಮೊದಲ ಪ್ರಯೋಗಗಳಲ್ಲಿಯೇ ಅಡಗಿತ್ತು.

ಆದರೆ ರಸವನ್ನು ಶುದ್ಧಿಮಾಡಿ ಔಷಧವಾಗಿ ಮಾಡುವುದು ಅವರ ಪ್ರಯೋಗಶಾಲೆಯವರಿಂದ ಆಗಲಿಲ್ಲ. ಅವರು ಆ ಬೂಷ್ಟಿನ ಬೀಜವನ್ನು ಕೆಡದಂತೆ ಕಾಪಾಡಿ, ಕೇಳಿದವರಿಗೆ ಕೊಡುತ್ತಾ ಬಂದರು. ಹತ್ತು ವರ್ಷಗಳ ಮೇಲೆ ಆಕ್ಸ್‌ಫರ್ಡಿನಲ್ಲಿ ಆಸ್ಟ್ರೇಲಿಯದವರಾದ ಹೊವಾರ್ಡ್ ಫ್ಲೋರಿ, ಜರ್ಮನಿಯನ್ನು ಬಿಟ್ಟು ಬಂದ ಯೆಹೂದ್ಯರಾದ ಎರ್ನ್‌ಸ್ಟ್ ಚೈನ್, ಕೈಗೆಲಸದಲ್ಲಿ ಅತಿ ಕುಶಲರಾದ ನಾರ್ಮನ್ ಹೀಟ್ಲಿ ಮೊದಲಾದವರು ಆ ಕಾರ್ಯವನ್ನು ಕೈಗೆತ್ತಿಕೊಂಡರು. ೧೯೪೦ರ ಮೇ ೨೫ರಂದು ಎಂಟು ಇಲಿಗಳಿಗೆ ಪ್ರಾಣಾಂತಿಕವಾದ ಕ್ರಿಮಿಗಳನ್ನು ಚುಚ್ಚಿ, ಅವುಗಳಲ್ಲಿ ನಾಲ್ಕಕ್ಕೆ ಪೆನಿಸಿಲಿನ್ನನ್ನು ಕೊಟ್ಟರು. ಬೆಳಗಾಗುವುದರೊಳಗೆ ಔಷಧವಿಲ್ಲದ ನಾಲ್ಕೂ ಸತ್ತಿದ್ದವು. ಔಷಧವನ್ನು ಪಡೆದವು ಬದುಕಿದ್ದವು. ಯುದ್ಧಕಾಲದಲ್ಲಿ ಪಾತ್ರೆಗಳೂ ಯಂತ್ರಗಳೂ ದೊರೆಯದಿರಲಾಗಿ ಮಣ್ಣಿನ ಪಾತ್ರೆಗಳನ್ನು ಮಾಡಿಸಿ, ಅವುಗಳಲ್ಲಿ ಬೂಷ್ಟನ್ನು ಬೆಳೆಸಿ ರಸವನ್ನು ತೆಗೆಯುವ ದುಡಿಮೆಯನ್ನು ಆರು ಮಂದಿ ತರುಣಿಯರು ನಡೆಸಿದರು. ಪ್ರಸಿದ್ಧರ ಹೆಸರುಗಳ ಹಿಂದೆ ಇಂಥ ಹೆಣ್ಣುಮಕ್ಕಳ ದುಡಿಮೆಯಿದ್ದುದನ್ನು ನಮ್ಮ ವಿದ್ಯಾರ್ಥಿನಿಯರು ಅರಿತಿರಬೇಕು. ಪೆನಿಸಿಲಿನ್ನಿನ ಅಣುರಚನೆಯನ್ನು ೧೯೪೫ರಲ್ಲಿ ನಿರ್ಧರಿಸಿದವರೂ ಡೊರೊಥಿ ಹಾಡ್ಜ್‌ಕಿನ್ ಎಂಬ ಮಹಿಳೆಯೇ. ಅವರಿಗೆ ೧೯೬೪ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

೧೯೪೧ರ ಫೆಬ್ರವರಿಯಲ್ಲಿ ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೊಲೀಸು ಪೇದೆಯು ಆಕ್ಸ್‌ಫರ್ಡಿನ ಆಸ್ಪತ್ರೆಯಲ್ಲಿ ಮೈಯೆಲ್ಲ ಕೀವಾಗಿ ಮರಣಾವಸ್ಥೆಯಲ್ಲಿದ್ದನು. ಪೆನಿಸಿಲಿನ್ನನ್ನು ಕೊಡುತ್ತಲೇ ಜ್ವರವು ಇಳಿಯಿತು. ಅವನು ಎದ್ದು ಕುಳಿತು ಊಟ ಮಾಡಹತ್ತಿದನು. ಆದರೆ ಐದು ದಿನಗಳಲ್ಲಿ ಇದ್ದ ಔಷಧವೆಲ್ಲವೂ ತೀರಿತು. ರೋಗಿಯ ಮೂತ್ರದಿಂದ ಔಷಧವನ್ನು ಮರಳಿ ತೆಗೆದು ಕೊಟ್ಟರೂ ಸಾಲದೆ ಹೋಯಿತು. ಉಳಿದಿದ್ದ ಕ್ರಿಮಿಗಳು ಮತ್ತೆ ತಲೆಯೆತ್ತಿದವು. ಮಾರ್ಚ್ ೧೫ರಂದು ಅವನು ಮೃತನಾದನು. ಸಾಕಷ್ಟು ಔಷಧವಿಲ್ಲದೆ ಆ ಪ್ರಾಣವು ಹೋಯಿತು. ನಮ್ಮ ಮನೆಗಳಲ್ಲಿ ಔಷಧವು ಕೈಯಲ್ಲಿದ್ದೂ ನಡುವೆ ನಿಲ್ಲಿಸುವುದು ಎಂಥ ಅವಿವೇಕವೆಂಬುದನ್ನು ಇದರಿಂದ ಆಲೋಚಿಸಬಹುದು.

ಅನಂತರ ಅಮೆರಿಕದಲ್ಲಿ ಬೃಹತ್ ಪಾತ್ರೆಗಳಲ್ಲಿ ಪೆನಿಸಿಲಿನ್ನನ್ನು ತಯಾರಿಸುವ ವಿಧಾನವು ಸಿದ್ಧವಾಗಿ, ೧೯೪೪ರ ಹೊತ್ತಿಗೆ ಗಾಯಗೊಂಡ ಸೈನಿಕರಿಗೆ ಸಾಕಷ್ಟು ದೊರೆಯುವಂತಾಯಿತು. ಅದೇ ವರ್ಷ ಫ್ಲೆಮಿಂಗರಿಗೆ ಸರ್ ಪದವಿಯೂ, ೧೯೪೫ರಲ್ಲಿ ಫ್ಲೋರಿ, ಚೈನರೊಡನೆ ನೊಬೆಲ್ ಪಾರಿತೋಷಕವೂ ಲಭಿಸಿದವು.

ಆ ವರ್ಷದ ಡಿಸೆಂಬರ್ ೧೧ರಂದು ಸ್ವೀಡನ್ ದೇಶದ ಸ್ಟಾಕ್‌ಹೋಮಿನಲ್ಲಿ ಅವರು ಉಪನ್ಯಾಸವಿತ್ತರು. ಲೋಕವೆಲ್ಲವೂ ಹೊಗಳುತ್ತಿದ್ದ ಆ ಗಳಿಗೆಯಲ್ಲಿ ಅವರು ತಮ್ಮ ಔಷಧದ ಮಹಿಮೆಯಿಂದ ಮಾತನ್ನು ಮುಗಿಸದೆ ಎಚ್ಚರಿಕೆಯನ್ನು ನುಡಿದರು. ಕೊಲ್ಲಲು ಸಾಲದಷ್ಟು ಪೆನಿಸಿಲಿನ್ನನ್ನು ತಾಕಿಸಿದರೆ ಕ್ರಿಮಿಗಳು ಅದನ್ನು ಎದುರಿಸುವ ಶಕ್ತಿಯನ್ನು ಗಳಿಸುವುದನ್ನು ಪ್ರಯೋಗಶಾಲೆಯಲ್ಲಿ ಕಂಡಿದ್ದೇವೆ, ಮನುಷ್ಯನ ದೇಹದಲ್ಲಿಯೂ ಹೀಗಾಗಬಹುದು ಎಂದು ತಿಳಿಸಿದರು. ಮುಂದೆ ಈ ಔಷಧವು ಅಂಗಡಿಗಳಲ್ಲಿ ಎಲ್ಲರಿಗೂ ದೊರೆಯುವ ಕಾಲ ಬರಬಹುದೆಂದು ಹೇಳಿ, ಒಂದು ಸಾಮ್ಯವನ್ನೂ ಕಲ್ಪಿಸಿದರು. ಒಬ್ಬ ಗೃಹಸ್ಥನಿಗೆ ಗಂಟಲು ನೋವು. ಅವನು ತಾನೇ ಪೆನಿಸಿಲಿನ್ನನ್ನು ಕೊಂಡು, ಸಾಲದಷ್ಟನ್ನು ಸೇವಿಸುತ್ತಾನೆ. ಕ್ರಿಮಿಗಳು ಸಾಯದೆ ಬಲಿತುಕೊಳ್ಳುತ್ತವೆ. ಅವನಿಂದ ಹೆಂಡತಿಗೆ ರೋಗವು ಅಂಟಿ ನ್ಯುಮೋನಿಯಾ ಆಗುತ್ತದೆ. ಈಗ ಪೆನಿಸಿಲಿನ್ ಅವಳಿಗೆ ನಾಟುವುದಿಲ್ಲ, ಅವಳು ಸಾಯುತ್ತಾಳೆ. ಆ ಸಾವಿಗೆ ಹೊಣೆ ಯಾರೆಂದು ಕೇಳಿ, ಗಂಡನ ಅಜಾಗರೂಕತೆಯೇ ಎಂದು ತೀರ್ಪಿತ್ತರು. ನಮ್ಮ ಬಾಲಿಕೆಯ ಪೆಟ್ಟಿಗೆಯಲ್ಲಿದ್ದ ಪೊಟ್ಟಣವನ್ನು ಕಂಡಾಗ ನನಗೆ ನೆನಪಾದದ್ದು ಈ ಸಾಮ್ಯವೇ.

ಫ್ಲೆಮಿಂಗರ ಕೊನೆಯ ವರ್ಷಗಳು ಪ್ರವಾಸ, ಸನ್ಮಾನಗಳಲ್ಲಿ ಕಳೆದವು. ೧೯೪೯ರಲ್ಲಿ ಪತ್ನಿಯು ತೀರಿಕೊಂಡರು. ೧೯೫೩ರಲ್ಲಿ ತಮ್ಮ ಸಹೋದ್ಯೋಗಿಯಾಗಿದ್ದ ಗ್ರೀಸ್ ದೇಶದ ವೈದ್ಯೆ ಅಮಾಲಿಯಾ ಅವರನ್ನು ವರಿಸಿದರು. ೧೯೫೫ರ ಮಾರ್ಚ್ ೧೧ರಂದು ಲಂಡನಿನಲ್ಲಿ ಹೃದಯಾಘಾತದಿಂದ ನಿಧನರಾದರು. ಸೇಂಟ್ ಪಾಲ್ಸ್ ದೇವಾಲಯದಲ್ಲಿ ಅವರ ಅವಶೇಷವನ್ನು ಇರಿಸಲಾಯಿತು. ಅದೇ ವರ್ಷ, ಪುಣೆಯ ಬಳಿಯ ಪಿಂಪ್ರಿಯಲ್ಲಿ ೧೯೫೪ರಲ್ಲಿ ಸ್ಥಾಪಿತವಾಗಿದ್ದ ಹಿಂದೂಸ್ಥಾನ್ ಆಂಟಿಬಯಾಟಿಕ್ಸ್ ಕಾರ್ಖಾನೆಯಲ್ಲಿ ಪೆನಿಸಿಲಿನ್ ತಯಾರಿಕೆಯು ಆರಂಭವಾಯಿತು. ನಮ್ಮ ವಾಡಿ ಜಂಕ್ಷನ್ನಿನಿಂದ ಮುಂಬಯಿಗೆ ಹೋಗುವ ರೈಲುದಾರಿಯಲ್ಲಿಯೇ ಆ ಊರು ಇದೆ. ಬೆಂಗಳೂರಿನಲ್ಲಿ ೧೯೮೧ರಲ್ಲಿ ಕರ್ನಾಟಕ ಆಂಟಿಬಯಾಟಿಕ್ಸ್ ಸಂಸ್ಥೆಯು ಸ್ಥಾಪಿತವಾಯಿತು. ಮೊದಮೊದಲು ಪೆನಿಸಿಲಿನ್ ಹೊಟ್ಟೆಯ ಹುಳಿಯಲ್ಲಿ ಕೆಟ್ಟುಹೋಗುತ್ತಿದ್ದುದರಿಂದ ಸೂಜಿಯ ಮೂಲಕವೇ ಹೆಚ್ಚಾಗಿ ಕೊಡಬೇಕಾಗಿತ್ತು. ೧೯೫೦ರ ದಶಕದಲ್ಲಿ ಹುಳಿಗೆ ಕೆಡದ ಪೆನಿಸಿಲಿನ್-ವಿ, ೧೯೬೧ರಲ್ಲಿ ಆಂಪಿಸಿಲಿನ್, ೧೯೭೨ರಲ್ಲಿ ಅಮಾಕ್ಸಿಸಿಲಿನ್ ಬಳಕೆಗೆ ಬಂದವು. ಹೀಗೆ ಫ್ಲೆಮಿಂಗರು ಊಹಿಸಿದಂತೆ ಪೆನಿಸಿಲಿನ್ ಗುಳಿಗೆಯಾಗಿ ಕಾಳಗಿಯ ಅಂಗಡಿಗೂ ಬಂದು ತಲುಪಿತು.

ಅವರ ಎಚ್ಚರಿಕೆಯು ನಿಜವಾಯಿತೇ? ಬಹುಮಟ್ಟಿಗೆ ಆಯಿತು. ಕೀವಿನ ಕ್ರಿಮಿಗಳು ಕೆಲವೇ ವರ್ಷಗಳಲ್ಲಿ ಪೆನಿಸಿಲಿನ್ನನ್ನು ಎದುರಿಸಲು ಕಲಿತವು. ೨೦೧೯ರಲ್ಲಿ ಔಷಧಕ್ಕೆ ಬಗ್ಗದ ಕ್ರಿಮಿಗಳಿಂದಲೇ ಲೋಕದಲ್ಲಿ ಸುಮಾರು ೧೨ ಲಕ್ಷ ೭೦ ಸಾವಿರ ಜನರು ಮೃತರಾದರೆಂದು ವಿದ್ವಾಂಸರು ಲೆಕ್ಕಹಾಕಿದ್ದಾರೆ. ನಮ್ಮ ಸೀಮೆಯ ಒಕ್ಕಲಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೊಗರಿಯ ಕಾಯಿಕೊರಕ ಹುಳಕ್ಕೆ ಮೇಲಿಂದ ಮೇಲೆ ಒಂದೇ ಔಷಧವನ್ನು ಹೊಡೆದರೆ ಹುಳವು ಹೇಗೆ ಬಲಿಯುತ್ತದೆಂಬುದನ್ನು ಅವರು ಬಲ್ಲರು. ಆದರೆ ಒಂದು ಸಮಾಧಾನವುಂಟು. ಫ್ಲೆಮಿಂಗರು ಸಾಮ್ಯದಲ್ಲಿ ಹೇಳಿದ ಸ್ಟ್ರೆಪ್ಟೋಕಾಕಸ್ ಎಂಬ ಗಂಟಲಿನ ಕ್ರಿಮಿಯು ಇಂದಿಗೂ ಪೆನಿಸಿಲಿನ್ನಿಗೆ ಮಣಿಯುತ್ತದೆ. ಆದುದರಿಂದಲೇ ಆ ರೋಗದಲ್ಲಿ ಔಷಧವನ್ನು ಪೂರ್ಣವಾಗಿ ಸೇವಿಸಿದರೆ ದೊಡ್ಡ ಲಾಭವುಂಟು, ಅರ್ಧಕ್ಕೆ ಬಿಟ್ಟರೆ ದೊಡ್ಡ ನಷ್ಟವುಂಟು.

ಆ ನಷ್ಟವು ಯಾವುದೆಂದರೆ, ಈ ಕ್ರಿಮಿಯಿಂದಾದ ಗಂಟಲು ನೋವಿಗೆ ತಕ್ಕ ಚಿಕಿತ್ಸೆಯಾಗದಿದ್ದಲ್ಲಿ ಎರಡು ಮೂರು ವಾರಗಳ ಮೇಲೆ ಕೆಲವು ಮಕ್ಕಳಿಗೆ ಕೀಲುಗಳು ಬಾತು ಜ್ವರ ಬರುತ್ತದೆ. ಇದನ್ನು ರುಮ್ಯಾಟಿಕ್ ಜ್ವರವೆನ್ನುತ್ತಾರೆ. ಕೀಲಿನ ನೋವು ಮಾಯುತ್ತದೆ, ಆದರೆ ಹೃದಯದ ಕವಾಟಗಳು ಶಾಶ್ವತವಾಗಿ ಕೆಡಬಹುದು. ಐದರಿಂದ ಹದಿನೈದು ವರ್ಷದ ಮಕ್ಕಳಿಗೆ, ಅಂದರೆ ನಮ್ಮ ಶಾಲೆಯ ವಯಸ್ಸಿನವರಿಗೇ, ಇಕ್ಕಟ್ಟಾದ ಮನೆಗಳಲ್ಲಿ ಇದು ಹೆಚ್ಚು. ಹೀಗೆ ಹೃದಯವು ಕೆಟ್ಟ ಬಾಲಿಕೆಯು ಮುಂದೆ ತಾಯಿಯಾಗುವ ಕಾಲದಲ್ಲಿ ಪ್ರಾಣಾಪಾಯಕ್ಕೆ ಗುರಿಯಾಗುತ್ತಾಳೆ. ಇಂಥ ಗಂಟಲು ರೋಗಕ್ಕೆ ವೈದ್ಯರು ಸಾಮಾನ್ಯವಾಗಿ ಹತ್ತು ದಿನಗಳ ಗುಳಿಗೆಗಳನ್ನು ಬರೆಯುವುದು ಈ ಹೃದಯವನ್ನು ಕಾಪಾಡುವುದಕ್ಕೇ. ಮೂರನೆಯ ದಿನ ನೋವು ಹೋಯಿತೆಂದು ನಿಲ್ಲಿಸಿದರೆ ಗಂಟಲು ವಾಸಿಯಾದಂತೆ ಕಾಣುವುದು, ಕ್ರಿಮಿಯು ಉಳಿದಿರುವುದು. ಒಮ್ಮೆ ಈ ಜ್ವರ ಬಂದ ಮಕ್ಕಳಿಗೆ ಅದು ಮರಳದಂತೆ ವರ್ಷಗಟ್ಟಲೆ ಪೆನಿಸಿಲಿನ್ ಕೊಡಬೇಕಾಗುತ್ತದೆ, ಅದನ್ನು ತಪ್ಪಿಸಲೇಬಾರದು.

ಇನ್ನು ಮಾತಾಪಿತೃಗಳು ನೆನಪಿಡತಕ್ಕ ಕೆಲವು ಮಾತುಗಳನ್ನು ಹೇಳುತ್ತೇನೆ. ಮೊದಲನೆಯದಾಗಿ, ಮಕ್ಕಳ ಗಂಟಲು ನೋವುಗಳಲ್ಲಿ ಹೆಚ್ಚಿನವು ನೆಗಡಿಯ ಜಾತಿಯವು. ಅವು ವೈರಸ್ಸಿನಿಂದ ಬರುತ್ತವೆ. ಅವುಗಳಿಗೂ ನೆಗಡಿ, ಫ್ಲೂ ಜ್ವರಗಳಿಗೂ ಪೆನಿಸಿಲಿನ್ನಿನಿಂದ ಏನೂ ಪ್ರಯೋಜನವಿಲ್ಲ. ಯಾವುದಕ್ಕೆ ಬೇಕು, ಎಷ್ಟು ದಿನ ಬೇಕು ಎಂಬುದನ್ನು ವೈದ್ಯರೇ ನಿರ್ಧರಿಸಬೇಕು. ಈಚೆಗೆ ಕೆಲವು ರೋಗಗಳಿಗೆ ಕಡಿಮೆ ದಿನಗಳೇ ಸಾಕೆಂದು ಕಂಡುಬಂದಿದೆ. ಆದರೆ ದಿನಗಳನ್ನು ಕಡಿಮೆ ಮಾಡುವುದೂ ವೈದ್ಯರ ಕೆಲಸ, ನಮ್ಮದಲ್ಲ. ಗುಳಿಗೆಯ ಹಾಳೆಯ ಮೇಲೆ ಕೆಂಪು ಗೆರೆಯಿದ್ದರೆ ಅದನ್ನು ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದೆಂದು ಅರ್ಥ.

ಎರಡನೆಯದಾಗಿ, ಹಿಂದೆ ಎಂದಾದರೂ ಪೆನಿಸಿಲಿನ್ನಿನಿಂದ ಮೈಮೇಲೆ ಗಂಧೆ ಎದ್ದಿದ್ದರೆ, ಮುಖ ಬಾತಿದ್ದರೆ, ಉಸಿರು ಕಟ್ಟಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು. ಅಮಾಕ್ಸಿಸಿಲಿನ್, ಆಂಪಿಸಿಲಿನ್‌ಗಳೂ ಅದೇ ಕುಲದವೆಂಬುದನ್ನು ಮರೆಯಬಾರದು. ಬೇರೆ ಔಷಧಗಳನ್ನು ಸೇವಿಸುತ್ತಿದ್ದರೆ, ಮೂತ್ರಪಿಂಡದ ರೋಗವಿದ್ದರೆ ಅದನ್ನೂ ತಿಳಿಸಬೇಕು. ಗುಳಿಗೆ ನುಂಗಿದ ಮೇಲೆ ತುಟಿ, ನಾಲಿಗೆ ಬಾತು ಉಸಿರಾಟ ಕಷ್ಟವಾದರೆ ಒಂದು ನಿಮಿಷವನ್ನೂ ಕಳೆಯದೆ ೧೦೮ಕ್ಕೆ ಕರೆಮಾಡಿ ದವಾಖಾನೆಗೆ ಒಯ್ಯಬೇಕು. ಬರಿಯ ಗಂಧೆ ಎದ್ದರೂ, ಭೇದಿಯು ಹೆಚ್ಚಾದರೂ, ಮುಂದಿನ ಗುಳಿಗೆಯನ್ನು ಕೊಡುವ ಮೊದಲು ವೈದ್ಯರನ್ನು ಕೇಳಬೇಕು.

ಮೂರನೆಯದಾಗಿ, ಹೇಳಿದ ಹೊತ್ತಿಗೆ ಸರಿಯಾಗಿ ಕೊಡಬೇಕು. ಒಂದು ಹೊತ್ತು ಮರೆತರೆ ನೆನಪಾದ ಕೂಡಲೇ ಕೊಡಬಹುದು. ಮುಂದಿನ ಹೊತ್ತು ಹತ್ತಿರವಾಗಿದ್ದರೆ ಮರೆತದ್ದನ್ನು ಬಿಡಬೇಕು. ಎರಡನ್ನು ಕೂಡಿಸಿ ಕೊಡಲಾಗದು. ಅಮಾಕ್ಸಿಸಿಲಿನ್ ಊಟದೊಡನೆಯೂ ಆಗುತ್ತದೆ. ಪೆನಿಸಿಲಿನ್-ವಿ ಬರಿಯ ಹೊಟ್ಟೆಯಲ್ಲಿ ಮೇಲು. ಮಕ್ಕಳ ಪುಡಿಯ ಸೀಸೆಗೆ ಕಾಯಿಸಿ ಆರಿಸಿದ ನೀರನ್ನು ಗುರುತಿನವರೆಗೆ ಹಾಕಿ, ಪ್ರತಿಸಾರಿಯೂ ಕುಲುಕಿ, ಅಡುಗೆಮನೆಯ ಚಮಚೆಯಿಂದಲ್ಲ, ಅದರೊಡನೆ ಬಂದ ಅಳತೆಯಿಂದಲೇ ಕೊಡಬೇಕು. ಕಲಸಿದ ಔಷಧವನ್ನು ಸೀಸೆಯ ಮೇಲೆ ಬರೆದ ದಿನಗಳು ಕಳೆದ ಮೇಲೆ ಇಟ್ಟುಕೊಳ್ಳಬಾರದು. ನಾಲ್ಕನೆಯದಾಗಿ, ಒಬ್ಬರ ಗುಳಿಗೆಯನ್ನು ಮತ್ತೊಬ್ಬರಿಗೆ ಕೊಡಬಾರದು, ಮುಂದಿನ ಸಾರಿಗೆಂದು ಕೂಡಿಡಬಾರದು.

ಮೊದಲು ಹೇಳಿದ ಬಾಲಿಕೆಗೆ ಚಳಿಗಾಲದಲ್ಲಿ ಗಂಟಲು ನೋವು ಬಂದೇಬಂದಿತು. ಅದೇ ವಾರ ಪಕ್ಕದ ಮಂಚದ ಬಾಲಿಕೆಗೂ ಬಂದಿತು. ಇಬ್ಬರನ್ನೂ ದವಾಖಾನೆಗೆ ಕರೆದೊಯ್ದೆವು. ವೈದ್ಯರು ಪರೀಕ್ಷಿಸಿ, ಮೊದಲನೆಯವಳದು ನೆಗಡಿಯ ನೋವೆಂದೂ ಅವಳಿಗೆ ಪೆನಿಸಿಲಿನ್ ಬೇಡವೆಂದೂ ಹೇಳಿದರು. ಬಿಸಿ ಗಂಜಿಯಿಂದಲೂ ವಿಶ್ರಾಂತಿಯಿಂದಲೂ ನಾಲ್ಕು ದಿನಗಳಲ್ಲಿ ಗುಣವಾಯಿತು. ಎರಡನೆಯವಳಿಗೆ ಹತ್ತು ದಿನಗಳ ಗುಳಿಗೆಗಳನ್ನು ಬರೆದರು. ನಾಲ್ಕನೆಯ ದಿನ ಅವಳು ಓಡಾಡುತ್ತಾ, ಇನ್ನು ಗುಳಿಗೆ ಸಾಕೆಂದು ಬೇಡಿಕೊಂಡಳು. ಮೇಟ್ರನರು ಗೋಡೆಯ ಮೇಲೆ ಹತ್ತು ಮನೆಗಳನ್ನು ಗೀಚಿ, ದಿನಕ್ಕೊಂದಕ್ಕೆ ಅವಳ ಕೈಯಿಂದಲೇ ಗುರುತು ಹಾಕಿಸಿದರು. ಪೆಟ್ಟಿಗೆಯಲ್ಲಿದ್ದ ಆರು ಗುಳಿಗೆಗಳು ಮೊದಲನೆಯವಳಿಗೆ ವ್ಯರ್ಥ, ಎರಡನೆಯವಳಿಗೆ ಸಾಲದು. ಇಬ್ಬರಲ್ಲಿ ಒಬ್ಬಳಿಗೂ ಅವು ಔಷಧವಾಗುತ್ತಿರಲಿಲ್ಲ. ಬಾಲಿಕೆಯು ಇದನ್ನೆಲ್ಲ ತನ್ನ ಅವ್ವನಿಗೆ ವಿವರಿಸಿದಳು. ಬೇಸಿಗೆಯ ರಜೆಯ ಬಳಿಕ ಅವಳ ಪೆಟ್ಟಿಗೆಯಲ್ಲಿ ರೊಟ್ಟಿ ಹಿಂಡಿಗಳ ಗಂಟು ಮಾತ್ರವೇ ಇದ್ದಿತು.

ಫ್ಲೆಮಿಂಗರು ಕೆಟ್ಟಿತೆಂದು ತೋರಿದ ತಟ್ಟೆಯನ್ನು ಚೆಲ್ಲದೆ ಕಾಪಾಡಿದ್ದರಿಂದ ಈ ವರವು ನಮಗೆ ದೊರೆಯಿತು. ನಂಬಿಗಸ್ತನಾದ ಮನೆವಾರ್ತೆಯವನು ತನ್ನ ವಶಕ್ಕೆ ಒಪ್ಪಿಸಿದುದನ್ನು ಹೇಗೆ ಕಾಯುವನೋ ಹಾಗೆ ನಾವೂ ಇದನ್ನು ಕಾದು, ನಮ್ಮ ಮಕ್ಕಳ ಮಕ್ಕಳಿಗೂ ನಾಟುವ ಔಷಧವಾಗಿ ಉಳಿಸಬೇಕು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರು. ಕೆಲವರು ದಾದಿಯರೂ ಉಪಾಧ್ಯಾಯಿನಿಯರೂ ಆಗಿದ್ದೀರಿ. ನಿಮ್ಮ ಮನೆಯ ಗೂಡಿನಲ್ಲಿ ಇಂಥ ಪೊಟ್ಟಣವಿದ್ದರೆ ಅದನ್ನು ಇಂದೇ ತೆಗೆದು, ಹತ್ತಿರದ ದವಾಖಾನೆಯಲ್ಲಿ ತೋರಿಸಿ ಕೇಳಿರಿ. ದೇವರು ನಿಮ್ಮನ್ನೂ ನಿಮ್ಮ ಮಕ್ಕಳನ್ನೂ ಆರೋಗ್ಯದಲ್ಲಿ ಕಾಪಾಡಲಿ.